ಇಲ್ಲದ ಹರಳಿಗೆ ಕಾದು ಕುಳಿತ ಬೋರ್ಡು

ತಾಯಂದಿರೇ, ಮಹನೀಯರೇ, ಒಂದು ಊರು. ಆ ಊರಲ್ಲೊಬ್ಬ ಶ್ರೀಮಂತ. ಶ್ರೀಮಂತ ಎಂದ ಕೂಡಲೇ ಜಿಪುಣ ಎಂದುಕೊಂಡಿರಿ, ಅಲ್ಲವೇ? ಇವನು ಹಾಗಲ್ಲ, ಒಳ್ಳೆಯವನೇ. ಅವನಿಗೊಬ್ಬಳು ಪುಟ್ಟ ಮಗಳು. ಕಿವಿ ಚುರುಕು, ಬುದ್ಧಿ ಚುರುಕು. ನಾಲಿಗೆ ಮಾತ್ರ ಹೊರಳದು. ಏನನ್ನೋ ಹೇಳಲು ಹೊರಟು, ಹೇಳಲಾಗದೆ ಅವಳು ಅಳುತ್ತಿದ್ದಳು.

ಚಿತ್ರ ಮುಟ್ಟಿದರೆ ಮಾತು ಹೇಳುವ ಯಂತ್ರಗಳಿವೆ ನೋಡಿ. ಅಂಗಡಿಯಲ್ಲಿ ಸಿಕ್ಕವು ಮಗುವಿನ ಕೊರಳಿಗೆ ಭಾರ. ‘ನಾನೇ ಮಾಡಿಸುತ್ತೇನೆ’ ಎಂದು ಹಟ ಹಿಡಿದ. ಒಬ್ಬ ಎಂಜಿನಿಯರಮ್ಮನನ್ನು ಕರೆಸಿದ. ‘ತೆಳ್ಳಗಿರಲಿ, ಇನ್ನೂ ತೆಳ್ಳಗಿರಲಿ’ ಎಂದು ಅದು ತೆಗೆಸಿ ಇದು ತೆಗೆಸಿ, ಒಂದು ಬೋರ್ಡು ತಯಾರು ಮಾಡಿಸಿದ. ಬೋರ್ಡು ಎಂದರೆ ಶಾಲೆಯ ಕರಿಹಲಗೆಯಲ್ಲ ಅಜ್ಜಾ! ಯಂತ್ರದ ಹೊಟ್ಟೆಯಲ್ಲಿರುವ ಹಸಿರು ಹಲಗೆ; ಚಿಪ್ ಕೂರುವುದು ಅದರ ಮೇಲೆ.

ಹಲಗೆ ಏಳಬೇಕಾದರೆ ಆಪರೇಟಿಂಗ್ ಸಿಸ್ಟಂ ಬೇಕು, ಅಂದರೆ ಅದಕ್ಕೆ ಮಾಡಬೇಕಾದ್ದನ್ನೆಲ್ಲ ಹೇಳಿಕೊಡುವ ಬರಹ. ಅದು ಪುಕ್ಕಟೆ ಸಿಕ್ಕಿತು. ದೇಶದೇಶದವರು ಸೇರಿ ಬರೆದು, ಯಾರು ಬೇಕಾದರೂ ಬಳಸಲಿ ಎಂದು ತೆರೆದಿಟ್ಟದ್ದು, ನಮ್ಮ ದಾಸೋಹದ ಹಾಗೆ. ನಿಯಮ ಒಂದೇ. ಹೊಸ ಬೋರ್ಡು ತಂದವರು ಅದರ ಮೇಲೆ ಏನೇನಿದೆ ಎಂದು ನಿಜ ಬರೆದುಕೊಡಬೇಕು. ಪಾಪ, ಸಿಸ್ಟಂಗೆ ಕಣ್ಣಿಲ್ಲ. ನೀವು ಬರೆದದ್ದನ್ನೇ ನಂಬುತ್ತದೆ.

ಎಂಜಿನಿಯರಮ್ಮ ಬರೆಯಲು ಕೂತಳು. ಶ್ರೀಮಂತನಿಗೆ ತಾಳ್ಮೆಯಿಲ್ಲ. ‘‘ಏನಮ್ಮಾ ಇನ್ನೂ? ಇದೇ ಥರದ ಬೇರೆಯವರ ಬೋರ್ಡು ಇದೇ ಸಿಸ್ಟಂನಲ್ಲಿ ಓಡ್ತಾ ಇದೆಯಲ್ಲ, ಅದರ ವಿವರನೇ ಎತ್ತಿ ಹಾಕು. ಹೆಸರು ಬದಲಾಯಿಸು, ಆಯ್ತು.’’

‘‘ಸಾರ್, ಒಂದೊಂದು ಸಾಲೂ ನೋಡಿ ಬರೀಬೇಕು...’’

‘‘ಮಗು ಕಾಯ್ತಿದೆಯಮ್ಮಾ!’’

ಅವಳು ಎತ್ತಿ ಹಾಕಿದಳು. ಬೋರ್ಡಿಗೆ ಕರೆಂಟು ಕೊಟ್ಟರು. ಏನಾಯಿತು? ಏನೂ ಆಗಲಿಲ್ಲ. ಮತ್ತೆ ಕೊಟ್ಟರು. ಪರದೆಯ ಮೇಲೆ ಒಂದಕ್ಷರವಿಲ್ಲ. ‘‘ಅಲ್ಲಿ ಓಡೋದು ಇಲ್ಲಿ ಯಾಕೆ ಓಡಲ್ಲ?’’ ಎಂದು ಶ್ರೀಮಂತ ಚಿಪ್ಪನ್ನು ಬೈದ, ಸಿಸ್ಟಂ ಬರೆದವರನ್ನು ಬೈದ. ಕೊನೆಗೆ ತಲೆಯ ಮೇಲೆ ಕೈಹೊತ್ತು ಕೂತ. ‘‘ಮಗಳೂ ಮಾತಾಡಲ್ಲ, ಬೋರ್ಡೂ ಮಾತಾಡಲ್ಲ. ನನ್ನ ಹಣೆಬರಹ.’’

ಎಂಜಿನಿಯರಮ್ಮ ಆ ಸಿಸ್ಟಂ ಬರೆದವರನ್ನೇ ಕೇಳಿದಳು. ಯಾವುದೋ ದೇಶದಿಂದ ಉತ್ತರ ಬಂತು: ‘ಬರೆದದ್ದನ್ನು ಗಟ್ಟಿಯಾಗಿ ಓದಿ, ಒಂದೊಂದಕ್ಕೂ ಬೋರ್ಡಿನ ಮೇಲೆ ಬೆರಳಿಟ್ಟು ನೋಡಿ.’ ಸರಿ, ಅವಳು ಓದಿದಳು, ಅವನು ಬೆರಳಿಟ್ಟ.

‘‘ದೀಪ?’’

‘‘ಇದೆ.’’

‘‘ಗುಂಡಿ?’’

‘‘ಇದೆ.’’

‘‘ತಾಳ ಹಾಕೋ ಹರಳು?’’

ಬೆರಳು ಆ ಕಡೆ ಹೋಯಿತು, ಈ ಕಡೆ ಬಂತು. ‘‘ಅಯ್ಯೋ, ದಪ್ಪ ಆಗುತ್ತೆ ಅಂತ ನಾನೇ ತೆಗೆಸಿದ್ನಲ್ಲಮ್ಮಾ!’’

ನೋಡಿ! ಚಿಪ್ ಹೆಜ್ಜೆ ಹಾಕಲು ಕ್ರಿಸ್ಟಲ್ ಎಂಬ ಪುಟ್ಟ ಹರಳು ಒಂದೇ ಸಮ ಮಿಡಿದು ತಾಳ ಹಾಕಬೇಕು. ಇದೆ ಎಂದು ಬರೆದಿದ್ದಾರೆ. ಬೋರ್ಡು ನಂಬಿದೆ. ‘ಹರಳು ಶುರು ಮಾಡಲಿ, ಆಮೇಲೆ ಏಳೋಣ’ ಎಂದು ಕಾಯುತ್ತಿದೆ, ಕಾಯುತ್ತಿದೆ, ಕಾಯುತ್ತಲೇ ಇದೆ. ಆ ಚಿಪ್ಪಿನೊಳಗೆ ತನ್ನದೇ ಒಂದು ತಾಳವಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಎಂಜಿನಿಯರಮ್ಮ ಆ ಸಾಲು ಅಳಿಸಿದಳು. ‘ನಿನ್ನೊಳಗಿನ ತಾಳವನ್ನೇ ಹಿಡಿ’ ಎಂದು ಬರೆದಳು. ಮತ್ತೆ ಕರೆಂಟು ಕೊಟ್ಟರು. ಪರದೆಯ ಮೇಲೆ ಬೋರ್ಡು ತನ್ನ ಹೆಸರು ಹೇಳಿತು! ಶ್ರೀಮಂತ ಅದನ್ನು ಎರಡೆರಡು ಸಲ ಗಟ್ಟಿಯಾಗಿ ಓದಿದ. ಎದೆಯ ಮೇಲಿನ ಕಲ್ಲು ಇಳಿಯಿತು.

ಉಳಿದ ಕೆಲಸ ಸರಾಗವಾಗಿ ಮುಗಿಯಿತು. ಯಂತ್ರ ಮಗಳ ಕೊರಳಿಗೆ ಬಂತು. ಮನೆಯವರೆಲ್ಲ ಸುತ್ತ ಬಂದು ನಿಂತರು. ಮಗು ಚಿತ್ರಗಳನ್ನು ಹುಡುಕಿ ಹುಡುಕಿ ಮುಟ್ಟಿತು. ಯಂತ್ರ ಹೇಳಿತು: ‘‘ಅಪ್ಪಾ. ಮೊಸರನ್ನ ಬೇಡ.’’

ನಗಬೇಡಿ. ಮಗುವಿಗೊಬ್ಬ ಅಣ್ಣನಿದ್ದ; ಅವನಿಗೆ ಮೊಸರನ್ನವೆಂದರೆ ಪ್ರಾಣ. ತಂಗಿಗೂ ಅದೇ ಇಷ್ಟವೆಂದು ದಿನವೂ ಅದನ್ನೇ ತಿನ್ನಿಸಿದ್ದರು. ಅಪ್ಪ ನಕ್ಕ, ನಗುತ್ತಲೇ ಅತ್ತ. ‘‘ಬೇಡ ಕಂದಾ, ಇನ್ನು ಬೇಡ,’’ ಎಂದ.

ಈಗ ನಿಮ್ಮ ಮನೆಗೆ ಬರೋಣವೇ? ಪಕ್ಕದ ಮನೆಯ ಹುಡುಗನ ವಿವರ ಎತ್ತಿ ನಿಮ್ಮ ಮಗನ ಮೇಲೆ ಬರೆದಿಲ್ಲವೇ? ದೊಡ್ಡ ಸೊಸೆಯದನ್ನು ಚಿಕ್ಕ ಸೊಸೆಯ ಮೇಲೆ? ಬರೆದು, ‘ಯಾಕೆ ಇದು ಏಳುವುದಿಲ್ಲ’ ಎಂದು ಬೈಯುತ್ತಿಲ್ಲವೇ? ಹೆದರಬೇಡಿ, ಅಳಿಸಬಹುದು. ನಾಳೆ ಬೆಳಗ್ಗೆ ತಟ್ಟೆಗೆ ಬಡಿಸುವ ಮುಂಚೆ ಕೇಳಿ: ‘ನಿನಗೇನು ಬೇಕು?’ ಕೇಳಿದ ಮೇಲೆ, ನೀವೇ ಉತ್ತರ ಹೇಳಬೇಡಿ. ಸೌಟು ಕೈಯಲ್ಲೇ ಇರಲಿ, ಅವರು ಹೇಳುವವರೆಗೂ ಸುಮ್ಮನೆ ನಿಲ್ಲಿ.