ಮರದಪುಡಿಯ ಎಣಿಕೆ

...ಅಲ್ಲಿ ಬೇಡ, ಆ ಸ್ಟೂಲಿನ ಒಂದು ಕಾಲು ಗಿಡ್ಡ. ಈ ಕಡೆ ಬಾ, ಕಿಟಕಿ ಹತ್ರ. ಮೆಟ್ಟಿಲ ಮೇಲಿದ್ದಾಗಲೇ ಗೊತ್ತಾಯ್ತು ನೀನೇ ಅಂತ. ಈ ಲ್ಯಾಬಿನಲ್ಲಿ ಎರಡೆರಡು ಮೆಟ್ಟಿಲು ಹಾರ್ಕೊಂಡು ಬರೋಳು ನೀನೊಬ್ಬಳೇ. ಪಿಎಚ್.ಡಿ. ಆಯ್ತು, ವಿಭಾಗಕ್ಕೇ ಯಜಮಾನಿ ಆದೆ, ನಡಿಗೆ ಮಾತ್ರ ಇನ್ನೂ ಹೈಸ್ಕೂಲಿಂದು. ಕೂತ್ಕೊ ಡಾಕ್ಟರಮ್ಮ.

ಯಾಕೆ ನಗ್ತೀಯ? ಇಪ್ಪತ್ತೇಳು ವರ್ಷದಿಂದ ಈ ಮೈಕ್ರೋಸ್ಕೋಪಿನ ಮುಂದೆ ಕೂತು ಎಣಿಸ್ತಾ ಇರೋಳು ನಾನು. ನಿನಗೆ ಅಡ್ಡಹೆಸರು ಇಡೋ ಅಧಿಕಾರ ನನಗಲ್ಲದೆ ಇನ್ಯಾರಿಗಿದೆ?

ಆಯ್ತು, ಆಯ್ತು. ಅವಸರ ಅಂತ ಗೊತ್ತು. ಲೇಖನ ಇವತ್ತೇ ಹೋಗ್ಬೇಕು, ಸಮುದ್ರದ ನೀರಿನ ಕೊನೇ ಬಾಟಲಿ ಲೆಕ್ಕ ಒಂದು ಬಾಕಿ. ಬೆಳಗ್ಗೇನೇ ಎಣಿಸಿಟ್ಟೆ. ಹನ್ನೊಂದು. ಸ್ಲೈಡ್ ಇನ್ನೂ ಅಲ್ಲೇ ಇದೆ, ತೆಗೆದಿಲ್ಲ. ಬರ್ಕೊ... ಈಗ ಮುಖ ಇಷ್ಟಗಲ ಮಾಡ್ಕೊಂಡಿರ್ತೀಯ. ನನ್ನ ಲೆಕ್ಕ ಕಮ್ಮಿ ಆದಷ್ಟೂ ನಿನಗೆ ಹಬ್ಬ.

ಅದೇನು ಮುಂದೆ ಹಿಡಿದೆ? ಲೇಖನನಾ? ಬೇಡ, ನೀನೇ ಓದು. ನಿನ್ನ ಬಾಯಲ್ಲಿ ಕೇಳಿದ್ರೇ ಚೆಂದ. ಕನ್ನಡಕ ಮರೆತಿಲ್ಲ ತಾಯಿ, ಮೂಗಿನ ಮೇಲೇ ಇದೆ. ಓದಿಸ್ಕೊಂಡು ಕೇಳೋದಕ್ಕೂ ಒಂದು ವಯಸ್ಸು ಅಂತಿದೆ, ನನಗೆ ಐವತ್ತೆಂಟು. ಓದಲ್ವಾ? ಸರಿ ಬಿಡು. ಅದರೊಳಗೆ ಏನಿದೆ ಅಂತ ನಾನೇ ಹೇಳ್ತೀನಿ. ತಪ್ಪಾದ್ರೆ ಕಿವಿ ಹಿಂಡು.

ನಾವು ಉಸಿರಾಡೋ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಮೀರಿ ಸಾರಜನಕ. ಅಷ್ಟಿದ್ರೂ ಗಿಡಕ್ಕೆ ದಕ್ಕಲ್ಲ, ಮೀನಿಗೆ ದಕ್ಕಲ್ಲ, ಹಾಗೇ ತಿನ್ನೋಕೆ ಯಾರಿಗೂ ಆಗಲ್ಲ. ಬಿಸಿಲು ನಾಡಿನ ಸಮುದ್ರ ನೋಡು, ತಿಳಿನೀಲಿ ನೀರು, ಫೋಟೋ ಹಿಡಿಯೋರಿಗೆಲ್ಲ ಪ್ರಾಣ. ಒಳಗೆ ನೋಡಿದ್ರೆ ಖಾಲಿ ಪಾತ್ರೆ, ಗೊಬ್ಬರವೇ ಇಲ್ಲ. ಅಂಥಾ ನೀರಲ್ಲಿ ನಾನು ಎಣಿಸೋ ಈ ಬ್ಯಾಕ್ಟೀರಿಯಾ ಎಳೆಎಳೆಯಾಗಿ ಸೇರ್ಕೊಂಡು, ಪುಟ್ಟ ಪುಟ್ಟ ಕಟ್ಟು ಕಟ್ಕೊಂಡು ತೇಲುತ್ತೆ. ಗಾಳಿಯ ಸಾರಜನಕನ ಹಿಡಿದು ಗೊಬ್ಬರ ಮಾಡುತ್ತೆ. ಆ ಗೊಬ್ಬರದಲ್ಲಿ ಪಾಚಿ ಬೆಳೆಯುತ್ತೆ, ಪಾಚಿನ ಹುಳ ತಿನ್ನುತ್ತೆ, ಹುಳನ ಮೀನು, ಮೀನನ್ನ ನಮ್ಮನೆಯವರು. ಸರೀನಾ? ಸಮುದ್ರದಿಂದ ಹೊರಟು ನನ್ನ ಗಂಡನ ತಟ್ಟೆವರೆಗೂ ಬಂದೆ.

ನೀರ ಮೇಲೆ ದಟ್ಟವಾಗಿ ತೇಲಿದಾಗ ಮರ ಕೊಯ್ದ ಪುಡಿ ಚೆಲ್ಲಿದ ಹಾಗೆ ಕಾಣುತ್ತೆ ಅಂತ ಹಡಗಿನವರು ಅದನ್ನ ಮರದಪುಡಿ ಅಂತ ಕರೀತಾರೆ... ಹಾಗೆ ಕೈ ಆಡಿಸಬೇಡ, ನಾನು ಬಿಡೋಳಲ್ಲ, ಹೇಳೇ ಹೇಳ್ತೀನಿ. ನಿನ್ನ ಮೊದಲನೇ ಪ್ರಯಾಣ. ಮೂರು ದಿನ ವಾಂತಿ ಮಾಡ್ಕೊಂಡು ನಾಲ್ಕನೇ ದಿನ ಎದ್ದು ಡೆಕ್ಕಿಗೆ ಬಂದೆ. ನೀರು ನೋಡಿದೆ. ನೆಟ್ಟಗೆ ಹಡಗಿನ ಬಡಗಿ ಹತ್ರ ಹೋಗಿ, ಸಮುದ್ರ ಏನು ನಿಮ್ಮ ಕಸದ ಬುಟ್ಟಿನಾ, ಮರದಪುಡಿ ಎಲ್ಲಾ ಸುರಿದಿದೀರಲ್ಲ ಅಂತ ತರಾಟೆಗೆ ತಗೊಂಡೆ. ಪಾಪ, ಆತ ಆಗ ಉಪ್ಪಿಟ್ಟಿಗೋ ಏನಕ್ಕೋ ಈರುಳ್ಳಿ ಹೆಚ್ಚುತ್ತಿದ್ದ, ಅಡುಗೆಯವನಿಗೆ ಜ್ವರ ಅಂತ. ಕೈಲಿ ಚಾಕು ಹಿಡ್ಕೊಂಡೇ ಎದ್ದು ನಿಂತು ಕ್ಷಮಿಸಿ ಮೇಡಂ ಅಂದ. ಯಾವುದನ್ನ ಹುಡುಕ್ಕೊಂಡು ಬಂದಿದ್ಯೋ ಅದನ್ನೇ ಕಸ ಅಂತ ಬೈದೆಯಲ್ಲ ತಾಯಿ.

ಹಾಂ, ನಗು. ಈ ನಗು ಕೇಳಿ ಎಷ್ಟು ದಿನ ಆಗಿತ್ತು.

ಮುಂದೆ ಹೇಳ್ತೀನಿ. ಹಡಗಿಂದ ಬಂದ ಒಂದೊಂದು ಬಾಟಲಿಯಿಂದ ಸ್ಲೈಡ್ ಮಾಡಿ ಎಷ್ಟು ಎಳೆಕಟ್ಟಿದೆ ಅಂತ ನಾನು ಎಣಿಸ್ತೀನಿ. ಅದೇ ನೀರಲ್ಲಿ ಎಷ್ಟು ಗೊಬ್ಬರ ತಯಾರಾಯ್ತು ಅಂತ ನಿನ್ನ ಯಂತ್ರ ಅಳೆಯುತ್ತೆ. ಇಷ್ಟು ವರ್ಷ ಎರಡೂ ಅಕ್ಕತಂಗಿಯರ ಹಾಗೆ ಜೊತೆಜೊತೆಗೇ ಹೋಗ್ತಿದ್ವು. ಈ ಎರಡು ವರ್ಷದಿಂದ ನನ್ನ ಎಣಿಕೆ ಅರ್ಧಕ್ಕೆ ಇಳಿದಿದೆ, ನಿನ್ನ ಯಂತ್ರದ ಲೆಕ್ಕ ಇದ್ದಲ್ಲೇ ಇದೆ. ಹಾಗಾದ್ರೆ ಗೊಬ್ಬರ ಮಾಡ್ತಿರೋರು ಯಾರು? ಇನ್ನೂ ಸಣ್ಣ, ನಮ್ಮ ಕಣ್ಣಿಗೇ ಬೀಳದ ಬೇರೆ ಯಾರೋ ಇದ್ದಾರೆ, ಮರದಪುಡಿ ಜಾಗಕ್ಕೆ ಅವರು ಬಂದಿದ್ದಾರೆ. ಇದು ನಿನ್ನ ಲೇಖನ. ಕಿವಿ ಹಿಂಡ್ಲಿಲ್ಲ ನೀನು, ಅಂದ್ಮೇಲೆ ಪಾಸು.

ಆ ಮಧ್ಯಾಹ್ನ ನೀನು ಓಡಿ ಬಂದಿದ್ದು ಮರೆಯೋಕಾಗುತ್ತಾ? ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಹಿಂದಿನಿಂದ ಬಂದು ತಬ್ಕೊಂಡು, ಅಕ್ಕಾ, ಸಿಕ್ತು ಅಕ್ಕಾ, ನಿಮ್ಮ ಎಣಿಕೆ ಇಲ್ಲದಿದ್ರೆ ಇದು ಸಿಕ್ತಾನೇ ಇರ್ಲಿಲ್ಲ ಅಂದೆ. ಗಂಡನಿಗೂ ಇನ್ನೂ ಹೇಳಿಲ್ಲ, ಮೊದಲು ನಿಮಗೇ ಅಂದೆ. ಬಾಯಲ್ಲಿದ್ದ ತುತ್ತು ಹಾಗೇ ಉಳೀತು ನೋಡು.

ಏನಂದೆ? ಖುಷಿಗಲ್ವಾ ಅಂದ್ಯಾ? ಮತ್ತೆ, ಖುಷಿಗೇ.

ಎದ್ದೇಬಿಟ್ಟೆಯಾ? ಕೂತ್ಕೊ ಸ್ವಲ್ಪ. ಅದೇನು ಲೇಖನ ರೈಲಾ, ತಪ್ಪಿಸ್ಕೊಳ್ಳೋಕೆ? ಒಂದು ಕೆಲಸ ಮಾಡು. ಬಂದಿದ್ದು ಬಂದೆ, ಸ್ಲೈಡ್ ಒಂದ್ಸಲ ನೋಡಿಬಿಡು. ನಂಬಿಕೆ ಪ್ರಶ್ನೆ ಅಲ್ಲ ಮಾರಾಯ್ತಿ. ಯಾರ ಮೇಲೂ ಇಷ್ಟು ನಂಬಿಕೆ ಇಡಬಾರದು. ಮುಖ್ಯಸ್ಥೆ ಆದ್ಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿದೀಯಾ ನೀನು? ಯಾವಾಗ ನೋಡಿದ್ರೂ ಮೀಟಿಂಗು, ಇಲ್ಲಾ ಫೋನು. ಎಣಿಸೋದೇ ಮರೆತಿದೀಯ ಅಂತ ನಾನು. ಬೇಕಾದ್ರೆ ಪಂದ್ಯ ಕಟ್ಟು.

ಹಾಂ, ಹಾಗೆ. ಮೇಲಿನ ಮೂಲೆಯಿಂದ ಶುರು ಮಾಡು. ಸಾಲು ಬಿಡಬೇಡ, ಅಂಚಿಗೆ ತಾಗಿರೋದನ್ನ ಎರಡು ಸಲ ಎಣಿಸಬೇಡ. ಇದೆಲ್ಲ ನಾನೇ ಕಲಿಸಿದ್ದು, ನೆನಪಿದೆಯಾ? ಆಗ ನಿನ್ನ ಎಣಿಕೆ ಯಾವಾಗಲೂ ನನಗಿಂತ ಎರಡು ಮೂರು ಕಮ್ಮಿ ಇರ್ತಿತ್ತು. ಗಾಜಿನ ಮೇಲಿನ ಧೂಳಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗದೆ ಅಳ್ತಾ ಕೂತಿದ್ದೆ ಒಂದು ದಿನ. ನಾನು ಹೇಳ್ದೆ, ಧೂಳಿಗೆ ಬಣ್ಣ ಇಲ್ಲ, ಇದಕ್ಕೆ ಹೊಂಬಣ್ಣ, ಒಣಹುಲ್ಲಿನ ಹೊರೆ ಬಿಗಿದಿಟ್ಟ ಹಾಗೆ...

ಮುಗೀತಾ?

ಹನ್ನೊಂದೇ ತಾನೇ?

ಮತ್ತೆ ಮೊದಲಿಂದ ಎಣಿಸ್ತಿದೀಯ. ಸ್ಲೈಡ್ ಸರಿಸೋ ಸದ್ದು ಕೇಳಿಸ್ತಿದೆ ನನಗೆ. ಪಂದ್ಯ ಕಟ್ಟದೇ ಇದ್ದಿದ್ದೇ ಒಳ್ಳೇದಾಯ್ತು, ಅಲ್ವಾ.

ಎಷ್ಟು? ಹದಿನೈದು? ...ಇಪ್ಪತ್ತು?

ಇಪ್ಪತ್ತನ್ನೂ ದಾಟಿತಾ?

ಹೇಳು ಪರವಾಗಿಲ್ಲ. ಗೊತ್ತಾಯ್ತಲ್ಲ ನಿನಗೆ. ಲೇಖನ ನಾನ್ಯಾಕೆ ಓದ್ಲಿಲ್ಲ, ಅದೂ ಗೊತ್ತಾಯ್ತು.

ನೀನು ನೋಡು ಅಂತ ನಾನೇ ಅಂದೆ. ಬಾಯಿಬಿಟ್ಟು ಹೇಳೋಣ ಅಂತ ಬೆಳಗ್ಗೆಯಿಂದ ಒದ್ದಾಡಿದೆ, ಆಗ್ಲಿಲ್ಲ. ಅದಕ್ಕೇ.

ಎರಡು ವರ್ಷದ ಹಿಂದೆ, ನಮ್ಮನೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣ್ತು. ಮನೆ ಕುಸೀತಿದೆ ಅಂತ ಗಲಾಟೆ ಮಾಡ್ದೆ. ನಮ್ಮನೆಯವರು ಗಾರೆ ಕೆಲಸದವರು, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ತೋರಿಸಿದ್ರು. ಚೌಕಟ್ಟು ನೆಟ್ಟಗೇ ಇತ್ತು. ಕಣ್ಣಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ನಡುವಿನ ನೋಟ ಹೋಗ್ತಿದೆ, ಸುತ್ತ ಮಾತ್ರ ಉಳಿಯುತ್ತೆ ಅಂದ್ರು. ಈಗ ನಿನ್ನ ಕಡೆ ನೋಡಿದ್ರೆ ಕಿವಿಯೋಲೆ ಕಾಣುತ್ತೆ, ತೋಳು ಕಾಣುತ್ತೆ. ಮುಖ ಇರೋ ಜಾಗದಲ್ಲಿ ಒಂದು ಬೂದಿಮುದ್ದೆ.

ಕಾಣದೇ ಇದ್ದದ್ದನ್ನ ನಾನು ಬರೆದಿಲ್ಲ. ಒಂದು ಅಂಕಿಯನ್ನೂ ಸುಳ್ಳು ಹಾಕಿಲ್ಲ. ಕಂಡಷ್ಟೇ ಬರೆದೆ, ಕಂಡಿದ್ದೇ ಅರ್ಧ. ಇನ್ನೊಂದು ವಾರ ನೋಡೋಣ, ಹೊಸ ಕನ್ನಡಕ ಬರ್ಲಿ, ಅಂತ ತಳ್ಕೊಂಡು ಬಂದೆ. ಎಣಿಸೋದು ಬಿಟ್ರೆ ಈ ಲ್ಯಾಬಿಗೆ ನಾನ್ಯಾಕೆ ಬೇಕು ಹೇಳು? ಆಮೇಲೆ ನೀನು ಬಂದು ತಬ್ಕೊಂಡೆ. ಆಗಲೇ ಹೇಳಬೇಕಿತ್ತು. ಅಷ್ಟು ಖುಷಿಯಲ್ಲಿದ್ದೋಳಿಗೆ, ನೀನು ಕಂಡುಹಿಡಿದಿದ್ದು ಸಮುದ್ರದಲ್ಲಿರೋದಲ್ಲ, ನನ್ನ ಕಣ್ಣಲ್ಲಿರೋದು ಅಂತ ಹೇಗೆ ಹೇಳ್ಲಿ?

ಬೈಯಿ. ಬಡಗಿಗೆ ಬೈದ್ಯಲ್ಲ ತಪ್ಪಿಲ್ಲದೇನೇ, ನನಗೆ ಬೈಯೋಕೆ ಏನಾಗಿದೆ?

...ಏನು ಎಳೀತಿದೀಯ? ಓ, ಆ ಸ್ಟೂಲಾ. ಯಾಕೆ ಹತ್ರ ಕೂರ್ತಿದೀಯ? ಕಪಾಟಿನ ಬೀಗದ ಕೈನಾ? ನನ್ನ ಸೊಂಟದಲ್ಲೇ ಇದೆ, ತಗೋ. ಎಲ್ಲಾ ಬಾಟಲಿಯಲ್ಲೂ ಅರ್ಧ ನೀರು ಉಳಿಸಿ ಕೆಡದ ಹಾಗೆ ಔಷಧಿ ಹಾಕಿಟ್ಟಿದೀನಿ, ಕಂದು ಬಾಟಲಿಗಳು, ಕೆಳಗಿನ ಎರಡು ಸಾಲು. ಒಂದನ್ನೂ ಚೆಲ್ಲಿಲ್ಲ. ಎಲ್ಲಾ ಮತ್ತೆ ಎಣಿಸಬಹುದು. ಎರಡು ತಿಂಗಳಾದ್ರೂ ಬೇಕು. ಸಣ್ಣೋರು ಇದ್ರೂ ಇರಬಹುದು, ಇಲ್ಲ ಅಂತ ನಾನು ಹೇಳಲ್ಲ. ಆದರೆ ನನ್ನ ಕಣ್ಣಿನ ಮೇಲೆ ಅವರ ಮನೆ ಕಟ್ಟಬೇಡ.

ನಾನಾ? ನಾನೇನು ಮಾಡ್ಲಿ ಇಲ್ಲಿ ಕೂತು?

...ಏನಿದು, ಕೈಲಿಟ್ಟೆ? ಗುಂಡಿ ಒತ್ತಿ ಎಣಿಸೋ ಕೌಂಟರ್. ಸರಿ. ನೀನು ನೋಡಿ ಒಂದು ಅನ್ನು, ನಾನು ಒತ್ತುತೀನಿ. ಬೆರಳಿಗೇನೂ ಆಗಿಲ್ಲ.

ಮೂಗು ಸೊರ್ ಅನ್ನಿಸಬೇಡ. ನಿನ್ನ ಕಣ್ಣೂ ಮಂಜಾದ್ರೆ ನಾವಿಬ್ಬರೂ ಸೇರಿ ಆರು ಅಂತ ಬರೀತೀವಿ. ಒರೆಸ್ಕೊ. ಒರೆಸ್ಕೊಂಡು ಮೊದಲನೇ ಬಾಟಲಿ ತೆಗಿ.