ಹಿಗ್ಗಿನ ಹಾಡಿಗೆ ಅತ್ತವರು

ಅಧ್ಯಕ್ಷ ಪೀಠದಲ್ಲಿರುವ ಮಾನ್ಯ ನರಸಿಂಹಯ್ಯನವರೇ, ಬೆಂಗಳೂರಿನಿಂದ ಇದ್ದಿಲಿನಿಂದ ಓಡುವ ಬಸ್ಸಿನ ಹೊಗೆ ಕುಡಿದುಕೊಂಡು ನಮ್ಮ ವಿಜಯಪುರದವರೆಗೆ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಕೂಟದ ಅಕ್ಕತಂಗಿಯರೇ, ಒಳಗೆ ಬನ್ನಿರೆಂದು ಎಷ್ಟು ಕರೆದರೂ ಬಾಗಿಲಲ್ಲೇ ನಿಂತಿರುವ ಮಹನೀಯರೇ, ಎಲ್ಲ ಸಭಿಕರೇ,

ನಮ್ಮ ಗ್ರಾಮಫೋನ್ ಕೂಟಕ್ಕೆ ಇಂದಿಗೆ ಒಂದು ವರ್ಷ ತುಂಬಿತು. ‘ಪಾಶ್ಚಾತ್ಯ ಸಂಗೀತವನ್ನು ಕೇಳುವ ಬಗೆ’ ಎಂದು ಕರೆಯೋಲೆಯಲ್ಲಿ ನನ್ನ ವಿಷಯವನ್ನು ಅಚ್ಚು ಹಾಕಿಸಿದ್ದಾರೆ. ಕೇಳುವುದಕ್ಕೂ ಒಂದು ಬಗೆ ಇದೆಯೇ? ಕಿವಿ ಇದ್ದರೆ ಸಾಲದೇ? ನಾನು ಸಂಗೀತ ವಿದುಷಿಯಲ್ಲ. ಬೆಂಗಳೂರಿನ ದಂಡಿನ ಕಡೆ ಇಂಗ್ಲಿಷ್ ಶಾಲೆಯೊಂದರಲ್ಲಿ ಓದುವಾಗ ಕೆಲವು ವರ್ಷ ಪಿಯಾನೋ ಕಲಿತೆ. ಕಲಿಸುತ್ತಿದ್ದ ಸನ್ಯಾಸಿನಿ ನನ್ನ ಬೆರಳುಗಳನ್ನು ಹೊಗಳಿ, ಕಂಠದ ಬಗ್ಗೆ ಏನೂ ಹೇಳದೆ ಉಪಕಾರ ಮಾಡಿದರು.

ಮುಂದಿನ ಸಾಲಿನಲ್ಲಿ ನನ್ನ ಮೈದುನ ಗೋಪಾಲಪ್ಪನವರು ಕುಳಿತಿದ್ದಾರೆ. ಅವರು ಬೂದಿಗೆರೆಯಿಂದ ಬಂದದ್ದು ಸಂಗೀತ ಕೇಳುವುದಕ್ಕಲ್ಲ ಎಂಬುದು ಈ ಊರಿಗೆಲ್ಲ ಗೊತ್ತು. ಮುಖ್ಯ ಅತಿಥಿಗಳಿಗೆ ಗೊತ್ತಿರಲಾರದು. ಅವರೊಬ್ಬರೇ ತಿಳಿಯದೆ ಕುಳಿತಿರುವುದು ಮರ್ಯಾದೆಯಲ್ಲ. ನನ್ನ ಯಜಮಾನರು ಈ ಊರಿನಲ್ಲಿ ಡಾಕ್ಟರಾಗಿದ್ದರು. ಯುದ್ಧದಲ್ಲಿ ಸೈನ್ಯದ ಜೊತೆ ಮಲಯಕ್ಕೆ ಹೋದರು. ಸಿಂಗಾಪುರ ಬಿದ್ದ ಮೇಲೆ ಅವರ ಸುದ್ದಿ ಬರಲಿಲ್ಲ. ಸರ್ಕಾರದವರು ಇಂದಿಗೂ ‘ಪತ್ತೆಯಿಲ್ಲ’ ಎನ್ನುತ್ತಾರೆ. ಈಗ ಪಿತೃಪಕ್ಷ ಹತ್ತಿರ ಬಂದಿದೆ. ಬರುವ ಅಮಾವಾಸ್ಯೆಯ ದಿನ ಮನೆಯ ಹಿರಿಯರಿಗೆ ಬಾಳೆಯೆಲೆಯಲ್ಲಿ ಎಡೆ ಇಡುವಾಗ ಅವರಿಗೂ ಒಂದು ಎಡೆ ಇಡುವುದೋ, ಬೇಡವೋ? ನನ್ನ ಉತ್ತರ ಕೇಳಿಕೊಂಡು ಹೋಗಲು ಗೋಪಾಲಪ್ಪ ಬಂದಿದ್ದಾರೆ. ಸತ್ತವರಿಗೆ ಎಡೆ ತಪ್ಪಿಸಬಾರದು. ಬದುಕಿರುವವರಿಗೆ ಎಡೆ ಇಡಬಾರದು. ಎರಡೂ ದೊಡ್ಡ ತಪ್ಪೇ. ಆದರೆ ಇದು ಮನೆಯ ವಿಷಯ, ಸಭೆಯ ವಿಷಯವಲ್ಲ. ಸಂಗೀತಕ್ಕೆ ಬರುತ್ತೇನೆ.

ಇಟಲಿ ಮುಂತಾದ ದೇಶಗಳಲ್ಲಿ ‘ಆಪೆರಾ’ ಎಂಬ ಒಂದು ಬಗೆಯ ನಾಟಕವಿದೆ. ನಮ್ಮಲ್ಲಿ ಕೇಳಿಕೆ ಎಂಬ ಬಯಲಾಟ ಆಡುತ್ತಾರಲ್ಲ, ಅದರ ದೂರದ ನೆಂಟ ಎಂದು ತಿಳಿಯಬಹುದು. ಕೇಳಿಕೆಯಲ್ಲಿ ಹಾಡೂ ಇದೆ, ಮಾತೂ ಇದೆ. ಆಪೆರಾದಲ್ಲಿ ಬಹುಮಟ್ಟಿಗೆ ಮಾತೇ ಇಲ್ಲ. ಬಾಯಾರಿದವನು ನೀರನ್ನೂ ಹಾಡಿಯೇ ಕೇಳಬೇಕು. ಇಲ್ಲವೆನ್ನುವವನೂ ಹಾಡಿಯೇ ಇಲ್ಲವೆನ್ನಬೇಕು. ಈ ಸಂಗತಿಯನ್ನು ಕೇಳಿಕೆ ಕಲಿಸುವ ನಮ್ಮ ಬೈಲಪ್ಪನವರಿಗೆ ಹೇಳಿದಾಗ ಅವರು ಗಾಬರಿಯಾದರು.

“ಎಲ್ರೂ ಹಾಡ್ತಾನೇ ಇದ್ರೆ ಅರ್ಥ ಹೇಳೋನು ಯಾರಮ್ಮಾ? ಜನ ಎದ್ದೋಗಲ್ವಾ?”

“ಎದ್ದು ಹೋಗೋದಿಲ್ಲ ಬೈಲಪ್ಪನೋರೇ, ದುಡ್ಡು ಕೊಟ್ಟು ಬಂದಿರ್ತಾರೆ” ಎಂದೆ.

“ಹಂಗಾದ್ರೆ ಸರಿ ಬುಡಿ. ಕಾಸು ಕೊಟ್ಟೋನು ಕೊನೇ ಗಂಟ ಕೂತ್ಕೊಂಡೇ ಇರ್ತಾನೆ” ಎಂದು ಅವರು ಇಟಲಿಯವರನ್ನು ಕ್ಷಮಿಸಿದರು. ಅಲ್ಲೇ ಕುಳಿತು ನಗುತ್ತಿದ್ದಾರೆ, ನೋಡಿ.

ನಮ್ಮ ಸಂಗೀತದಲ್ಲಿ ಒಂದು ರಾಗವನ್ನು ಹಿಡಿದು ಅದರ ಒಳಕ್ಕೆ ಇಳಿಯುತ್ತೇವೆ. ಅವರ ಸಂಗೀತದಲ್ಲಿ ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸಿ ಅಗಲಕ್ಕೆ ಹೋಗುತ್ತಾರೆ. ಯಾವುದು ಹೆಚ್ಚು, ಯಾವುದು ಕಡಿಮೆ? ಮೊದಮೊದಲು ಆ ಪ್ರಶ್ನೆಯನ್ನು ನಾನೂ ಕೇಳಿಕೊಳ್ಳುತ್ತಿದ್ದೆ. ಶಾಲೆಯಲ್ಲಿ ಕಲಿತದ್ದು ಹೆಚ್ಚೆಂದು ಆಗ ತೋರುತ್ತಿತ್ತು. ಈಗ ತೋರುವುದಿಲ್ಲ. ಯಾವಾಗ ಬದಲಾಯಿತೆಂದು ಮಾತ್ರ ಹೇಳಲಾರೆ.

ಈ ಯಂತ್ರವನ್ನೂ ಪ್ಲೇಟುಗಳನ್ನೂ ಕೊಂಡವರು ಡಾಕ್ಟರು. ದಂಡಿನಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಸ್ವದೇಶಕ್ಕೆ ಹೊರಟಾಗ ಮನೆಯ ಸಾಮಾನು ಹರಾಜಾಯಿತು. ಇವರು ಒಂದು ಒಳ್ಳೆಯ ಕಬ್ಬಿಣದ ಮಂಚ ತರುತ್ತೇನೆಂದು ಹೋದವರು ಇದನ್ನು ತಂದರು. ಅವರಿಗೆ ಸಂಗೀತದಲ್ಲಿ ಆಸೆಯಿತ್ತೇ? ಇಲ್ಲ. ಒಂದು ಪ್ಲೇಟಿನ ಒಂದು ಮುಖ ಮುಗಿಯುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಮುಳ್ಳು ಎತ್ತಿದೊಡನೆ ಎಚ್ಚರವಾಗಿ, “ಯಾಕೆ ನಿಲ್ಲಿಸಿದೆ? ಕೇಳ್ತಾ ಇದ್ನಲ್ಲ” ಎನ್ನುತ್ತಿದ್ದರು. ಹಾಗಿದ್ದ ಮೇಲೆ ಏಕೆ ತಂದರು? ನಾನು ಎಂದೂ ಕೇಳಲಿಲ್ಲ. ಸಂಗೀತದ ವಿಷಯಕ್ಕೆ ಇದು ಅಗತ್ಯವಲ್ಲ, ಕ್ಷಮಿಸಬೇಕು.

ಅವರು ಹೋದ ಮೇಲೆ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದೆ. ಹೋದ ವರ್ಷ ಶ್ರಾವಣದಲ್ಲಿ ಜಪಾನಿನವರು ಸೋತರೆಂದು ಸುದ್ದಿ ಬಂತು. ಸೆರೆಯಲ್ಲಿದ್ದವರನ್ನೆಲ್ಲ ಬಿಡುತ್ತಾರೆಂದು ಜನ ಮಾತಾಡಿಕೊಂಡರು. ನಮ್ಮ ಬೀದಿಯಲ್ಲಿ ತಂತಿ ತರುವವನ ಸೈಕಲ್ಲು ಕಂಡರೆ ಸಾಕು, ರೇಷ್ಮೆ ಹುರಿ ಕಾರ್ಖಾನೆಯ ಹೆಂಗಸರು ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಆ ವಾರ ಒಂದು ಮಧ್ಯಾಹ್ನ ನನ್ನ ಮನಸ್ಸು ಬಹಳ ಹಗುರಾಗಿತ್ತು. ಬಟ್ಟೆ ತೆಗೆದು, ಕಿಟಕಿ ತೆರೆದು, ಇದ್ದವುಗಳಲ್ಲೆಲ್ಲ ಹಿಗ್ಗಿನ ಹಾಡನ್ನು ಆರಿಸಿ ಹಾಕಿದೆ. ಒಬ್ಬ ಹುಡುಗಿ ಹಾಡುವ ಹಾಡು ಅದು. ಬೆಳಗಾದರೆ ಅವಳ ಮದುವೆ. ಹೊಳೆಯಾಚೆಯಿಂದ ದಿಬ್ಬಣ ಬರಬೇಕು. ಆ ಸಂಭ್ರಮದಲ್ಲಿ ಮನೆಯವರಿಗೆಲ್ಲ ಒಂದೊಂದು ಕೆಲಸ ಹೇಳುತ್ತಾಳೆ. ಕೊನೆಗೆ ಹೇಳಲು ಮಾತೇ ಉಳಿಯದೆ, ಬರಿಯ ‘ಆ’ ಎಂದು ದನಿಯನ್ನು ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಒಯ್ಯುತ್ತಾಳೆ.

ನಮ್ಮ ಕಡೆ ಹೆಣ್ಣಿನ ದನಿ ಅಷ್ಟು ಎತ್ತರಕ್ಕೆ, ಅಷ್ಟು ಹೊತ್ತು ಏರುವುದು ಯಾವಾಗ? ಸಭಿಕರಿಗೆ ಗೊತ್ತು. ಸಾವಿನ ಮನೆಯಲ್ಲಿ.

ಬೀದಿಯ ಆ ತುದಿಯಿಂದಲೇ ಅಳು ಕೇಳಿಸಿತು. ಸಾವಾದ ಮನೆಗೆ ಹೋಗುವ ಹೆಂಗಸರು ದಾರಿಯಲ್ಲೇ ಸೊಲ್ಲೆತ್ತಿ, ಹೋದವರ ಗುಣಗಳನ್ನು ಹಾಡಿಕೊಂಡು ಬರುವುದು ವಾಡಿಕೆ. ಮುಂದೆ ಮುನಿವೆಂಕಟಮ್ಮ, ಹಿಂದೆ ನರಸಮ್ಮ, ಅವರ ಹಿಂದೆ ಕಾರ್ಖಾನೆಯ ಅರ್ಧದಷ್ಟು ಹೆಂಗಸರು. “ಜ್ವರದ ಮೈ ಮುಟ್ಟಿದ್ರೆ ತಣ್ಣಗಾಗ್ತಿತ್ತಲ್ಲೋ ನಮ್ಮಪ್ಪಾ, ಯಾವ ನೀರಿನಾಚೆ ಮಲಗಿದ್ಯೋ” ಎಂದು ಮುನಿವೆಂಕಟಮ್ಮ ಹಾಡುತ್ತಾ ಬಂದು ನನ್ನನ್ನು ತಬ್ಬಿಕೊಂಡಳು. ತಂತಿ ಬಂದಿದೆ, ನಾನು ಒಳಗೆ ಅಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಯಂತ್ರದಲ್ಲಿ ಆ ಹುಡುಗಿ ಮದುವೆಯ ಸಂಭ್ರಮದಲ್ಲಿ ಹಾಡುತ್ತಲೇ ಇದ್ದಳು.

ನಾನು ಮುಳ್ಳು ಎತ್ತಿ, “ಯಾರೂ ಹೋಗಿಲ್ಲ ಕಣ್ರೇ, ಇದು ಪ್ಲೇಟು! ಇಟಲಿ ಹುಡುಗಿಯ ಮದುವೆ, ಖುಷಿಯ ಹಾಡು!” ಎಂದೆ.

ಮುನಿವೆಂಕಟಮ್ಮ ಕಣ್ಣೊರೆಸಿಕೊಂಡು ಯಂತ್ರವನ್ನೇ ನೋಡಿದಳು. “ಖುಷಿಯಾದ್ರೆ ಹಿಂಗ್ಯಾಕೆ ಕೂಗ್ಕೊಂತಾಳೆ ಮೂದೇವಿ? ನನ್ನ ಎದೆ ಒಡ್ದೋಯ್ತು ಕಣಮ್ಮೋ!”

ನರಸಮ್ಮ, “ಹುರಿ ತುಂಡಾದ್ರೂ ಆಗ್ಲಿ ಅಂತ ಹಂಗೇ ಬಿಟ್ಟು ಬಂದ್ನಲ್ಲೇ! ಮೇಸ್ತ್ರಿಗೆ ಏನಂತ ಹೇಳ್ಲಿ? ಇಟಲಿಯೋಳಿಗೆ ಮದುವೆ ಅಂತಾನಾ?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ಒಳಬಾಗಿಲಲ್ಲಿ ನಮ್ಮ ಅತ್ತೆ ಪಿಳ್ಳಮ್ಮನವರು ಕುಳಿತಿರುವುದನ್ನು ಕಂಡೆವು. ಹೆಂಗಸರ ಸೊಲ್ಲು ಅವರಿಗೂ ಕೇಳಿಸಿತ್ತು. ಗೋಡೆಗೆ ಒರಗಿ ಅಳುತ್ತಿದ್ದರು. ಮಗ ಹೋದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹತ್ತಿರ ಹೋಗಿ, “ಅತ್ತೆ, ಸುಳ್ಳು. ತಂತಿ ಬಂದಿಲ್ಲ. ಅಳಬೇಡಿ” ಎಂದೆ.

“ಇರ್ಲಿ ಬುಡವ್ವ” ಎಂದರು. “ಶುರು ಮಾಡ್ಬುಟ್ಟಿದ್ದೀನಿ. ಮುಗಿಸ್ಕೊತೀನಿ.”

ಸ್ವಲ್ಪ ಹೊತ್ತಿನ ಮೇಲೆ, “ಆ ಪಿಳೇಟು ಇನ್ನೊಂದ್ಸಲ ಹಾಕು” ಎಂದರು.

ಹಾಕಿದೆ. ನಗುತ್ತಿದ್ದ ಹೆಂಗಸರೆಲ್ಲ ಅತ್ತೆಯ ಸುತ್ತ ಕುಳಿತು, ಅದು ಮದುವೆಯ ಹಾಡೆಂದು ತಿಳಿದೂ ಅತ್ತರು. ಅಂದು ಮನೆಯಲ್ಲಿ ಅಳದೆ ನಿಂತಿದ್ದವಳು ನಾನೊಬ್ಬಳೇ. ಯಂತ್ರಕ್ಕೆ ಕೀಲಿ ಕೊಡಲು ಯಾರಾದರೂ ಬೇಕಿತ್ತಲ್ಲ.

ನಮ್ಮ ಕೂಟ ಹುಟ್ಟಿದ್ದು ಹೀಗೆ. ಮರುವಾರ ಅವರೇ ಬಂದು, “ಆ ಮದುವೆ ಹೆಣ್ಣು ಏನಾದ್ಲು?” ಎಂದು ಕೇಳಿದರು. ನಾನು ಪ್ಲೇಟುಗಳ ಜೊತೆಗಿದ್ದ ಇಂಗ್ಲಿಷ್ ಪುಸ್ತಕದಲ್ಲಿನ ಕಥೆಯನ್ನು ಓದಿ ಓದಿ ಹೇಳತೊಡಗಿದೆ. ನಿಜ ಹೇಳಬೇಕೆಂದರೆ, ಆಪೆರಾವನ್ನು ವಿವರಿಸಲು ಆ ಪುಸ್ತಕ ಸಾಕಾಗುತ್ತದೆ. ಅದನ್ನು ಕೇಳಲು ಸಾಕಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಈಗ ನಿಮಗೆ ಕೇಳಿಸಲಿರುವ ಪ್ಲೇಟಿನಲ್ಲಿ ನಾಲ್ವರು ಒಟ್ಟಿಗೆ ಹಾಡುತ್ತಾರೆ. ಮದುಮಗಳು ದಿಬ್ಬಣ ಬಂದೇ ಬರುತ್ತದೆ ಎನ್ನುತ್ತಾಳೆ. ಅವಳ ತಾಯಿ ಹೊಳೆ ತುಂಬಿದೆ, ಬರುವುದಿಲ್ಲ ಎನ್ನುತ್ತಾಳೆ. ತಂದೆಗೆ ಅಡಿಗೆ ಆರುತ್ತಿದೆಯೆಂಬ ಚಿಂತೆ. ಅಣ್ಣನಿಗೆ ನೆಂಟರು ಏನೆನ್ನುವರೋ ಎಂಬ ಭಯ. ನಾಲ್ಕು ಮಾತು, ನಾಲ್ಕು ಮನಸ್ಸು, ಒಂದೇ ಹೊತ್ತು. ಬೈಲಪ್ಪನವರಿಗೆ ಇದು ಹಿಡಿಸಲಿಲ್ಲ. “ಒಬ್ರು ಹಾಡೋವಾಗ ಇನ್ನೊಬ್ರು ಸುಮ್ಕಿರ್ಬೇಕು ಅನ್ನೋ ಮರ್ಯಾದೆ ಇಲ್ವಾ ಇವ್ರಿಗೆ?” ಎಂದರು. ನರಸಮ್ಮ, “ಥೂ, ನಮ್ಮನೆ ಇದ್ದಂಗೇ ಐತೆ” ಎಂದಳು.

ನಾನು ಆ ಪ್ಲೇಟನ್ನು ಬಹಳ ಸಲ ಕೇಳಿದ್ದೇನೆ. ಒಂದು ಸಲ ಮಗಳ ದನಿಯನ್ನೇ ಹಿಡಿದು ಹೋದೆ. ಇನ್ನೊಂದು ಸಲ ತಾಯಿಯ ದನಿಯನ್ನು. ಇಬ್ಬರಲ್ಲಿ ಯಾರದು ಸರಿ? ಸಂಗೀತ ಅದನ್ನು ಹೇಳುವುದಿಲ್ಲ. ಒಬ್ಬರು ಗೆದ್ದು ಇನ್ನೊಬ್ಬರು ಬಾಯಿ ಮುಚ್ಚಬೇಕೆಂದು ಅದು ಕೇಳುವುದೂ ಇಲ್ಲ.

ನಮ್ಮ ಮನೆಯಲ್ಲಿ ಈಗ ಅದೇ ನಡೆಯುತ್ತಿದೆ. ಮನೆಯ ವಿಷಯ ಎತ್ತುವುದಿಲ್ಲವೆಂದಿದ್ದೆ. ಎತ್ತಿದೆ. ಇರಲಿ.

ಅತ್ತೆ ನನಗೆ ಹೇಳಿದ್ದು ಇಷ್ಟು: “ಬದುಕಿದ್ರೆ ಅವನಿಗೆ ಯಾರಾದ್ರೂ ಒಂದು ತುತ್ತು ಹಾಕ್ತಾರೆ. ಸತ್ತಿದ್ರೆ ನಾವೇ ಹಾಕ್ಬೇಕು ಕಣವ್ವ. ಅಲ್ಲಿ ಅವನಿಗೆ ಇನ್ಯಾರವ್ರೆ?” ಇದಕ್ಕೆ ಎದುರಾಡಲು ನನಗೆ ಯಾವ ಶಾಲೆಯೂ ಕಲಿಸಿಲ್ಲ. ಗೋಪಾಲಪ್ಪನವರು ಒಳ್ಳೆಯವರು. ತಾಯಿಯ ಕೊನೆಗಾಲದ ಆಸೆಯೆಂದು ಬಂದಿದ್ದಾರೆ. ಅವರು ಹೇಳಿದ್ದು: “ಎಡೆ ಇಟ್ಮೇಲೆ ನೀವು ಕುಂಕುಮ ಇಟ್ಕೊಂಡಿದ್ರೆ ಜನ ಏನಂತಾರೆ ಅತ್ಗೆಮ್ಮ? ಎರಡ್ರಲ್ಲಿ ಒಂದು ಆಗ್ಬೇಕಲ್ವಾ?”

ನಾನು ಏನು ಹೇಳಿದೆ? ನಾಳೆ ಹೇಳುತ್ತೇನೆಂದೆ. ನನಗೆ ಎಡೆಯಲ್ಲಿ ನಂಬಿಕೆಯಿಲ್ಲವೆಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ನಂಬಿಕೆಯಿಲ್ಲದವಳಿಗೆ ಒಂದು ಬಾಳೆಯೆಲೆಯ ಭಯವೇಕೆ? ಇಟ್ಟರೆ ಇಡಲಿ ಎಂದು ಸುಮ್ಮನಿರಬಹುದಿತ್ತಲ್ಲ? ಆ ಎಲೆ ಹಾಸಿದೊಡನೆ, ಎಲ್ಲಿಯೋ ಬದುಕಿರುವ ಮನುಷ್ಯನನ್ನು ನನ್ನ ಕೈಯಾರೆ ಸಾಯಿಸಿದಂತಾಗುತ್ತದೆ ಎಂದು ಹೆದರಿದೆ. ನಮ್ಮ ಮನೆಯಲ್ಲಿ ಎಡೆಯನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ನಾನೇ ಇರಬಹುದು.

ನಾಳೆಯವರೆಗೆ ಕಾಯುವುದು ಬೇಡ. ಗೋಪಾಲಪ್ಪ, ಇಲ್ಲೇ ಹೇಳುತ್ತೇನೆ. ಜನ ಏನೆನ್ನುತ್ತಾರೆಂದು ಕೇಳಿದಿರಿ. ಜನರೂ ಇಲ್ಲಿಯೇ ಇದ್ದಾರೆ. ಅಮಾವಾಸ್ಯೆಯ ದಿನ ಅತ್ತೆ ತಮ್ಮ ಮಗನಿಗೆ ಎಡೆ ಇಡಲಿ. ಅದು ತಾಯಿಯ ಮಾತು. ನಾನು ಕುಂಕುಮ ಅಳಿಸುವುದಿಲ್ಲ. ಇದು ನನ್ನ ಮಾತು. ಎರಡೂ ಒಂದೇ ಮನೆಯಲ್ಲಿ, ಒಂದೇ ಹೊತ್ತಿನಲ್ಲಿ ಇರುತ್ತವೆ. ಕೇಳುವವರಿಗೆ ಸಂತೆಯಂತೆ ಕೇಳಿಸಿದರೆ ಕೇಳಿಸಲಿ.

ಆ ದಿನದ ಅಡಿಗೆಯನ್ನು ನಾನೇ ಮಾಡುತ್ತೇನೆ. ಅವರಿಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು, ಕಡಲೆಬೇಳೆ ವಡೆ. ಎಡೆಯ ಅಡಿಗೆಯನ್ನು ಮಾಡುವವರು ನಾಲಗೆಗೆ ಸೋಕಿಸಬಾರದು, ಉಪ್ಪು ಹೆಚ್ಚೋ ಕಡಿಮೆಯೋ ಹಾಗೆಯೇ ಇಡಬೇಕು ಎಂದು ನಿಯಮ. ಸತ್ತವರು ಗೊಣಗುವುದಿಲ್ಲವಲ್ಲ. ಆದರೆ ಡಾಕ್ಟರು ಸಾರಿನಲ್ಲಿ ಒಂದು ಕಲ್ಲು ಉಪ್ಪು ಹೆಚ್ಚಾದರೂ ತಟ್ಟೆಯನ್ನು ಸರಿಸಿಬಿಡುತ್ತಿದ್ದರು. ನಾನು ಉಪ್ಪು ನೋಡಿಯೇ ಇಳಿಸುತ್ತೇನೆ. ಅತ್ತೆಗೆ ಅದನ್ನು ಮೊದಲೇ ಹೇಳುತ್ತೇನೆ.

ಇನ್ನು ಪ್ಲೇಟನ್ನು ಕೇಳೋಣ. ಯಂತ್ರದ ಪಕ್ಕದಲ್ಲಿ ನಿಂತಿರುವ ನಮ್ಮ ಕೂಟದ ಚಿಕ್ಕಬೀರಪ್ಪನವರು ಅದಕ್ಕೆ ಕೀಲಿ ಕೊಟ್ಟು ಎಷ್ಟೋ ಹೊತ್ತಾಯಿತು. ಸಂಗೀತದ ಬಗ್ಗೆ ಕೇಳಲು ಬಂದು ಇಷ್ಟನ್ನೆಲ್ಲ ಕೇಳಿದ ಮುಖ್ಯ ಅತಿಥಿಗಳ ತಾಳ್ಮೆಗೆ, ನನ್ನನ್ನು ಮಧ್ಯದಲ್ಲಿ ತಡೆಯದ ಅಧ್ಯಕ್ಷರಿಗೆ, ಅಂದು ಹುರಿ ಬಿಟ್ಟು ಓಡಿ ಬಂದ ಅಕ್ಕತಂಗಿಯರಿಗೆ ನನ್ನ ವಂದನೆಗಳು. ಎಲ್ಲರಿಗೂ ನಮಸ್ಕಾರ.