ಭಾವಿ ಖಾಸದಾರ

ಬಿಬವೇವಾಡಿಯ ಬಸ್ ಸ್ಟಾಪಿನಲ್ಲಿ ಕನ್ನಡ ಬಲ್ಲ ಅನುಜಾಳ ಹಿಂದೆ ನಿಂತ ಇಬ್ಬರು, ಈ ಮರಾಠಿ ಊರಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಿಂದ ಕನ್ನಡದಲ್ಲಿ ಮಾತಾಡುತ್ತಿದ್ದರು. ಕಿರಿಯವನ ಬೆರಳುಗಳಿಗೆ ಶಾಯಿ ಹತ್ತಿತ್ತು.

“ಮಧುಕರ, ಆ ಹುಟ್ಟುಹಬ್ಬದ ಫ್ಲೆಕ್ಸಿನ್ಯಾಗ ಏನಂತ ಛಾಪಿಸಿದ್ಯೋ?”

“ಭಾವಿ ಖಾಸದಾರ ಅಂತ್ರಿ, ಕಾಕಾ. ಮುಂದ ಎಂಪಿ ಆಗಬೇಕಂತ ನಿಲ್ಲಾವ್ರೆಲ್ಲ ಹಂಗ ಹಾಕಿಸ್ತಾರ.”

“ಅದನ್ನ ಈಗಿನ ಖಾಸದಾರ್ರ ಮನಿ ಮುಂದ ಕಟ್ಯಾರಂತಲ್ಲ?”

“ಕಟ್ಟಿದಾವ ನಾ ಅಲ್ರಿ.”

“ಮೂಲ್ಯಾಗ ನಿನ್ನ ಅಂಗಡಿ ಹೆಸರು, ನಂಬರು ಅದ.”

“ಎಲ್ಲಾ ಫ್ಲೆಕ್ಸಿಗೂ ಹಾಕ್ತೀನ್ರಿ.”

“ಮಾಡಿಸಿದಾವ ಏನಂತಾನ?”

“ಆ ಮಾತು ಅಂಗಡಿಯವನ ತಾನಾಗಿ ಹಾಕ್ಯಾನ ಅಂತ ಹೇಳ್ಯಾನಂತ್ರಿ.”



“ಅವನಿಗೆ ಭಾವಿ ಅಂದ್ರ, ಕುರ್ಚಿ ಮ್ಯಾಲ ಕುಂತಾವ್ರಿಗೆ ಮಾಜಿ ಅಂದಂಗಪಾ.”

ಮಧುಕರನ ಫೋನು ಬಡಿದುಕೊಂಡಿತು. ಮರಾಠಿಯಲ್ಲಿ ‘ಹೋ, ಹೋ’ ಎಂದಷ್ಟೇ ಹೂಂಗುಟ್ಟಿ ಇಟ್ಟ.

“ಯಾರಪಾ?”

“ಬಾಜೂ ಅಂಗಡಿಯವ್ರು. ನಾಕು ಮಂದಿ ಬಂದು ನಮ್ಮಲ್ಲಿ ಕುಂತಾರಂತ. ಖಾಸದಾರ್ರು ಕಳಿಸ್ಯಾರಂತ.”

“ಈಗಿನವ್ರೋ, ಭಾವಿಯವ್ರೋ?”

“ಬರೇ ಖಾಸದಾರ್ರು ಅಂದ್ರಂತ್ರಿ.”

“ಅಂಗಡ್ಯಾಗ ಯಾರದಾರ?”

“ಮಗಳು. ಒಬ್ಬಾಕೀನ.”

ಬಸ್ ಬಂತು. ಅನುಜಾ ಹತ್ತಿ ಕಿಟಕಿಯಿಂದ ನೋಡಿದಳು. ಅವರಿಬ್ಬರೂ ಬಸ್ ಹತ್ತದೆ ರಸ್ತೆ ದಾಟಿ, ಬಂದ ದಾರಿಯಲ್ಲೇ ವಾಪಸ್ ಹೊರಟಿದ್ದರು, ಮಧುಕರ ಬಿರಬಿರನೆ, ಕಾಕಾ ಹತ್ತು ಹೆಜ್ಜೆ ಹಿಂದೆ.